ಜುಲಾಬು: ಬೇನೆಯ ಹೆಸರೂ ಅದೇ, ಮದ್ದಿನ ಹೆಸರೂ ಅದೇ – ಮಿರಜ-ಸಾಂಗಲಿ ಸೀಮೆಯ ಹಿರಿಯರ ಮಲಬದ್ಧತೆ ಕುರಿತು

(ಆನ್‌ಲೈನ್ ವಿಚಾರ ಸಂಕಿರಣದಲ್ಲಿ ಮಾತನಾಡಿದ್ದರ ಬರಹರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೇ ಇಟ್ಟಿದ್ದೇನೆ. ಕೊನೆಯ ಪ್ರಶ್ನೋತ್ತರವನ್ನು ಮಾತ್ರ ಮೊಟಕು ಮಾಡಿದ್ದೇನೆ.)

ನನ್ನ ಧ್ವನಿ ಕೇಳಿಸ್ತಾ ಇದೆ ಅಂದ್ಕೊಂಡು ಶುರು ಮಾಡ್ತೇನೆ. ನನಗಿಂತ ಮುಂಚೆ ಮಾತಾಡಿದವರು ಗಡಿನಾಡಿನ ಹಾಡು, ಊರ ಹೆಸರು, ಶಾಸನಗಳ ಬಗ್ಗೆ ಮಾತಾಡಿದರು. ನನ್ನ ವಿಷಯ ಮಲಬದ್ಧತೆ. ಇದನ್ನ ಮೊದಲು ಹೇಳಿದಾಗ ನಮ್ಮ ಗೈಡ್ ಮೇಡಂ ನಕ್ಕರು. ಆಮೇಲೆ, “ನಮ್ಮ ಅಪ್ಪಾಜಿಗೂ ಅದೇ ತ್ರಾಸ ಐತಿ, ಬರೀ” ಅಂದರು. ಕನ್ನಡ ಎಂ.ಎ. ವಿದ್ಯಾರ್ಥಿಗೂ ಔಷಧಶಾಸ್ತ್ರಕ್ಕೂ ಏನು ಸಂಬಂಧ ಅಂತ ನೀವು ಕೇಳಬಹುದು. ಸಂಬಂಧ ಒಂದು ಪದದ್ದು. ಆ ಪದ ‘ಜುಲಾಬ’.

ನಮ್ಮದು ಜತ್ತ ತಾಲೂಕಿನ ಹಳ್ಳಿ. ಜಿಲ್ಲೆ ಸಾಂಗಲಿ, ರಾಜ್ಯ ಮಹಾರಾಷ್ಟ್ರ, ಮನೆಮಾತು ಕನ್ನಡ. ಎರಡು ವರ್ಷದ ಹಿಂದೆ ನಮ್ಮ ಆಯಿಗೆ, ಅಂದರೆ ಅಜ್ಜಿಗೆ, 78 ವರ್ಷ. ಮೊಣಕಾಲು ನೋವು ಜೋರಾಗಿ ಹಾಸಿಗೆ ಹಿಡಿದಿದ್ದಳು. ನೋವಿಗೆ ಟ್ರಾಮಡಾಲ್ ಇರುವ ಮಾತ್ರೆ, ರಕ್ತ ಕಡಿಮೆ ಅಂತ ಕಬ್ಬಿಣದ ಮಾತ್ರೆ, ಎಲುಬಿಗೆ ಕ್ಯಾಲ್ಸಿಯಂ. ಒಂದು ದಿನ ಬೆಳಿಗ್ಗೆ ಸೀರೆ ಒದ್ದೆ, ಹಾಸಿಗೆ ಒದ್ದೆ. ತೆಳ್ಳಗೆ ನೀರಿನ ಹಾಗೆ, ತಡೆಯೋಕೆ ಆಗದ ಹಾಗೆ ಹೋಗ್ತಿತ್ತು. ಅವ್ವ ಗಾಬರಿಯಾಗಿ, “ಆಯಿಗೆ ಜುಲಾಬ ಹತ್ಯಾವ” ಅಂದಳು. ನಾನೇ ಸೈಕಲ್ ಹತ್ತಿ ಹೋಗಿ ಔಷಧಿ ಅಂಗಡಿಯಲ್ಲಿ “ಜುಲಾಬಿನ ಗುಳಿಗಿ ಕೊಡ್ರಿ” ಅಂದೆ. ಅಂಗಡಿಯವರು ಕೇಳಿದ ಒಂದೇ ಪ್ರಶ್ನೆ: “ನಿಂದರಸಾಕೋ, ಆಗಸಾಕೋ?” ನಾನು “ನಿಂದರಸಾಕ” ಅಂದೆ. ಲೋಪರಮೈಡ್ ಕೊಟ್ಟರು.

ಆ ಪ್ರಶ್ನೆಯನ್ನ ನಾನು ಅವತ್ತು ಗಮನಿಸಲೇ ಇಲ್ಲ. ಈಗ ನನ್ನ ಪ್ರಬಂಧ ನಿಂತಿರೋದೇ ಅದರ ಮೇಲೆ. ಒಂದೇ ಹೆಸರಿನಲ್ಲಿ ಎರಡು ತದ್ವಿರುದ್ಧ ಔಷಧಿ ಕೇಳಬಹುದಾದ ಭಾಷೆ ನಮ್ಮದು.

ಎರಡು ದಿನದಲ್ಲಿ ಆಯಿ ಹೊಟ್ಟೆ ಉಬ್ಬಿತು. ಊಟ ಬಿಟ್ಟಳು. ಮೂತ್ರವೂ ಸರಿಯಾಗಿ ಹೋಗಲಿಲ್ಲ. ರಾತ್ರಿ ನನ್ನನ್ನ ತನ್ನ ತಂಗಿ ಅಂದ್ಕೊಂಡು ಮಾತಾಡ್ತಿದ್ದಳು. ಮಿರಜಕ್ಕೆ ಕರ್ಕೊಂಡು ಹೋದ್ವಿ. ನಮ್ಮ ಕಡೆ ದೊಡ್ಡ ಬೇನೆ ಅಂದರೆ ಮಿರಜ. ಅಥಣಿ, ರಾಯಬಾಗ, ಚಿಕ್ಕೋಡಿ ಕಡೆಯಿಂದಲೂ ಜನ ಬರೋದು ಇಲ್ಲಿಗೇ. ಕೆನಡಾದಿಂದ ಬಂದ ಮಿಷನರಿ ವೈದ್ಯ ವಿಲಿಯಂ ವಾನ್‌ಲೆಸ್ 1894ರಲ್ಲಿ ಇಲ್ಲಿ ಆಸ್ಪತ್ರೆ ತೆರೆದರು. ಮುಂದೆ 1962ರಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು ಬಂತು. ಸಾಹಿತ್ಯದವರಿಗಾಗಿ ಒಂದು ಮಾತು: ಮಂಗಳೂರಿನಲ್ಲಿ ಕಿಟೆಲ್ ನಿಘಂಟು ಅಚ್ಚಾದದ್ದೂ 1894ರಲ್ಲೇ. ಎರಡಕ್ಕೂ ಸಂಬಂಧ ಇಲ್ಲ, ಆದರೆ ನನ್ನಂಥವರಿಗೆ ಎರಡೂ ಬೇಕಾಗ್ತವೆ.

ನಾವು ಹೋದ ದವಾಖಾನೆಯಲ್ಲಿ ಡಾಕ್ಟರ್ ಮರಾಠಿಯಲ್ಲಿ ಕೇಳಿದರು: “ಆಜಿ, ಜುಲಾಬ ಹೋತಾತ ಕಾ?” ಆಯಿ ತಲೆ ಆಡಿಸಿದಳು. ಪ್ರಶ್ನೆಯೂ ತಪ್ಪಲ್ಲ, ಉತ್ತರವೂ ಸುಳ್ಳಲ್ಲ. ಆಗ ಪಕ್ಕದಲ್ಲಿದ್ದ ಹಿರಿಯ ಸಿಸ್ಟರ್ ಒಬ್ಬರು, ಅಥಣಿ ಕಡೆಯವರು, ಬಗ್ಗಿ ಆಯಿ ಕಿವಿ ಹತ್ತಿರ ಕೇಳಿದರು: “ಆಯಿ, ಗಟ್ಟಿ ಆಗಿ ಎಷ್ಟ ದಿನಾ ಆತು?” ಆಯಿ ಕಣ್ಣು ತೆರೆದು, “ಅಮಾಸಿ ಹಿಂದಿನ ದಿನಾ” ಅಂದಳು. ಅವ್ವ ಬೆರಳು ಎಣಿಸಿದಳು. ಹನ್ನೊಂದು ದಿನ.

ಬೆರಳು ಹಾಕಿ ಪರೀಕ್ಷೆ ಮಾಡಿದಾಗ ಗುದದ ಒಳಗೆ ಕಲ್ಲಿನಂಥ ಮಲದ ಗಡ್ಡೆ ಸಿಕ್ಕಿತು. ಅಲ್ಲಿ ಆಗಿದ್ದು ಇಷ್ಟು: ಕೆಳಗೆ ಗಡ್ಡೆ ಕೂತು ದಾರಿ ಕಟ್ಟಿದೆ. ಮೇಲಿನ ತೆಳು ಮಲ ಅದರ ಸುತ್ತಲಿನ ಸಂದಿಯಿಂದ ಸೋರುತ್ತಿದೆ. ನೋಡುವವರಿಗೆ ಅದು ಭೇದಿ, ನಿಜವಾಗಿ ಅದು ಅತಿಯಾದ ಮಲಬದ್ಧತೆ. ಅದಕ್ಕೆ ಭೇದಿ ನಿಲ್ಲಿಸುವ ಮಾತ್ರೆ ಕೊಟ್ಟರೆ ಕರುಳಿನ ಅಲುಗಾಟ ಇನ್ನೂ ನಿಧಾನವಾಗಿ, ಕಟ್ಟಿದ್ದು ಇನ್ನೂ ಕಟ್ಟುತ್ತದೆ. ವಯಸ್ಸಾದವರಲ್ಲಿ ಹೀಗಾದಾಗ ಮೂತ್ರ ಕಟ್ಟೋದು, ಬುದ್ಧಿ ಮಂಕಾಗೋದು ಕೂಡ ಉಂಟು. ತಂಗಿ ಅಂತ ಕರೆದದ್ದಕ್ಕೆ ಅರ್ಥ ಆಮೇಲೆ ತಿಳೀತು. ಎನಿಮಾ ಕೊಟ್ಟರು, ಕೈಯಿಂದಲೂ ಸ್ವಲ್ಪ ತೆಗೆದರು. ಮೂರನೇ ದಿನ ಆಯಿ ನನ್ನ ಹೆಸರು ಹಿಡಿದು ಕರೆದು ಚಹಾ ಕೇಳಿದಳು.

ಪದದ ದಾರಿ

ಈಗ ಪದಕ್ಕೆ ಬರೋಣ. ಫಾರಸಿಯಲ್ಲಿ ‘ಗುಲ್’ ಅಂದರೆ ಗುಲಾಬಿ, ‘ಆಬ್’ ಅಂದರೆ ನೀರು. ಗುಲಾಬ್, ಪನ್ನೀರು. ಅರಬ್ಬಿಗೆ ಹೋಗಿ ಅದು ‘ಜುಲಾಬ್’ ಆಯಿತು. ಔಷಧಿ ಬೆರೆಸಿ ಕೊಡುವ ಸಿಹಿ ಪಾನಕಕ್ಕೆ ಆ ಹೆಸರು ಬಂತು. ನಮ್ಮ ದೇಶದಲ್ಲಿ ಹೊಟ್ಟೆ ತೊಳೆಯುವ ಮದ್ದಿಗೆ ಅದೇ ಹೆಸರು ನಿಂತಿತು. ಮರಾಠಿಯಲ್ಲೂ ನಮ್ಮ ಗಡಿ ಕನ್ನಡದಲ್ಲೂ ಮದ್ದಿನ ಹೆಸರು ಮದ್ದಿನ ಪರಿಣಾಮಕ್ಕೂ ಹತ್ತಿಕೊಂಡು, ತೆಳ್ಳಗೆ ಹೋಗೋದೇ ಜುಲಾಬ ಆಯಿತು. ದೇವರಿಗೆ ಏರಿಸುವ ಗುಲಾಬಿ ಮತ್ತು ಈ ಜುಲಾಬು ಒಂದೇ ಮನೆಯ ಮಕ್ಕಳು, ಯಾರೂ ಬೇಜಾರು ಮಾಡ್ಕೋಬೇಡಿ. ‘ಭೇದಿ’ಯ ಕಥೆಯೂ ಹೀಗೇ. ‘ಭೇದಿ ಆಯ್ತು’ ಅಂದರೆ ಬೇನೆ, ‘ಭೇದಿಗೆ ತಗೊಂಡೆ’ ಅಂದರೆ ಮದ್ದು. ಅದರಲ್ಲಿರೋದು ಸೀಳು, ಒಡೆ ಅನ್ನುವ ಅರ್ಥದ ಸಂಸ್ಕೃತ ಧಾತು.

ಹಿಂದಿನವರಿಗೆ ವ್ಯತ್ಯಾಸ ಗೊತ್ತಿರಲಿಲ್ಲ ಅಂತಲ್ಲ. ಶಾರ್ಙ್ಗಧರ ಸಂಹಿತೆ ಈ ಬಗೆಯ ಮದ್ದುಗಳಿಗೆ ನಾಲ್ಕು ಬೇರೆ ಹೆಸರು ಕೊಡುತ್ತದೆ: ಅನುಲೋಮನ, ಸ್ರಂಸನ, ಭೇದನ, ರೇಚನ. ಉದಾಹರಣೆಗೆ ಅಳಲೆಕಾಯಿ ಮೊದಲನೆಯದು, ಕಕ್ಕೆ ಎರಡನೆಯದು, ಕಟುಕರೋಹಿಣಿ ಮೂರನೆಯದು, ತಿಗಡೆ ನಾಲ್ಕನೆಯದು. ಮೆಲ್ಲಗೆ ದಾರಿಗೆ ತರುವುದರಿಂದ ಹಿಡಿದು ಪೂರಾ ಹೊರಹಾಕುವವರೆಗೆ ಮೆಟ್ಟಿಲು ಮೆಟ್ಟಿಲಾಗಿ. ಇದು ಇವತ್ತಿನ ವೈದ್ಯದ ವರ್ಗೀಕರಣಕ್ಕೆ ಸರಿಯಾಗಿ ಹೊಂದುವುದಿಲ್ಲ, ಹೊಂದಿಸೋಕೂ ನಾನು ಹೋಗಲ್ಲ. ನನಗೆ ಮುಖ್ಯ ಆಗಿರೋದು ಮೆಟ್ಟಿಲುಗಳಿಗೆ ಹೆಸರಿದ್ದವು ಅನ್ನೋದು. ಸಂತೆಯ ಮಾತಿನಲ್ಲಿ ನಾಲ್ಕೂ ಸವೆದು ಒಂದಾದವು.

ಇನ್ನು ಹಿರಿಯರು ಈ ಬೇನೆಯನ್ನ ಹೇಳೋ ರೀತಿ. ‘ಮಲಬದ್ಧತೆ’ ಅಂತ ಯಾರೂ ಅನ್ನಲ್ಲ. ಗಂಡಸರು “ಹೊಟ್ಟಿ ಸಾಫ ಆಗವಲ್ದು” ಅಂತಾರೆ. ಆಯಿಯ ವಾರಗೆಯವರಿಗೆ ಅದು ‘ಚರಿಗಿ ತಗೊಂಡು ಹೋಗೋದು’. ಮನೆಯಲ್ಲಿ ಸಂಡಾಸ ಕಟ್ಟಿಸಿ ಚರಿಗಿ ಅಟ್ಟ ಸೇರಿದ ಮೇಲೂ ಮಾತು ಹಾಗೇ ಇದೆ. ‘ಹೊರಗ’ ಅನ್ನುವ ಪದ ಹೆಣ್ಣುಮಕ್ಕಳಿಗೆ ಮುಟ್ಟಿನ ಮಾತೂ ಹೌದಾದ್ದರಿಂದ ಗಂಡುಮಕ್ಕಳ ಎದುರು ಅದನ್ನ ಬಳಸಲ್ಲ. ಹೀಗೆ ಸುತ್ತು ಮಾತೇ ಜಾಸ್ತಿ. ಹೊರಗಿನ ಡಾಕ್ಟರ್‌ಗೆ ಅದು ದಾಟುವುದಿಲ್ಲ. ಮೇಲಿಂದ, ನಾನು “ಆಯಿಗೆ ಆರಾಮಿಲ್ಲ” ಅಂದರೆ ಮಿರಜದಲ್ಲಿ ಅದು ‘ತಾಯಿಗೆ’ ಅಂತ ಆಗುತ್ತದೆ. ಚೀಟಿಯಲ್ಲಿ ಸಂಬಂಧ ಬರೆಯುವವರು ನಮ್ಮಿಬ್ಬರ ವಯಸ್ಸು ನೋಡಿ ತಲೆ ಎತ್ತಿ ಒಮ್ಮೆ ನೋಡಿದ್ದರು.

ಪರದೆ ಮೇಲೆ ಒಂದು ಚಿತ್ರ ಹಾಕಿದ್ದೇನೆ. ಬ್ರಿಸ್ಟಲ್ ಪಟ್ಟಿ, 1997ರಲ್ಲಿ ಇಂಗ್ಲೆಂಡಿನ ವೈದ್ಯರು ಪ್ರಕಟಿಸಿದ್ದು. ಮಲವನ್ನ ನೋಟದ ಮೇಲೆ 7 ಬಗೆ ಮಾಡಿದ್ದಾರೆ. ನಾನಿದನ್ನ ನಮ್ಮ ಓಣಿಯ ಹಿರಿಯರಿಗೆ ತೋರಿಸಿ ಹೆಸರು ಕೇಳಿದೆ. ಒಂದನೆಯದಕ್ಕೆ ಎಲ್ಲರೂ ಒಂದೇ ಮಾತು: “ಆಡಿನ ಹಿಕ್ಕಿ.” ನಾಲ್ಕನೆಯದು “ಬಾಳಿಹಣ್ಣ”, ಆರನೆಯದು “ಅಂಬಲಿ”, ಏಳನೆಯದು “ನೀರ ನೀರ”. ನಾಚಿಕೆ ಪಡ್ತಾರೆ ಅಂದ್ಕೊಂಡಿದ್ದೆ. ಮಲದ ಹೆಸರು ಕೇಳಿದರೆ ನಾಚ್ತಾರೆ, ಆಕಾರ ಕೇಳಿದರೆ ನಗ್ತಾರೆ, ಆದರೆ ಹೇಳ್ತಾರೆ. ಡಾಕ್ಟರಿಗೆ ಬೇಕಾದದ್ದೂ ಆಕಾರವೇ. ಆಡಿನ ಹಿಕ್ಕಿ ಆದರೆ ಮಲಬದ್ಧತೆ, ದಿನಾ ಹೋದರೂ ಸಹ.

ಔಷಧಿಗಳು: ಯಾವುದು ಏನು ಮಾಡುತ್ತದೆ

ಈಗ ಸಾಹಿತ್ಯ ಬದಿಗಿಡ್ತೇನೆ. ನಾನು ವೈದ್ಯನಲ್ಲ. ಆಯಿ ಜೊತೆ ಓಡಾಡಿ, ಕೇಳಿ, ಓದಿ ತಿಳ್ಕೊಂಡದ್ದು ಇದು.

ಮೊದಲು ಇಸಬ್‌ಗೋಲ್. ಈ ಹೆಸರೂ ಫಾರಸಿಯದೇ, ‘ಕುದುರೆ ಕಿವಿ’ ಅನ್ನುವ ಅರ್ಥ. ಬೀಜದ ಆಕಾರ ನೋಡಿ ಇಟ್ಟದ್ದು. ಅದರ ಹೊಟ್ಟು ನೀರು ಹೀರಿ ಉಬ್ಬಿ ಮಲವನ್ನ ದಪ್ಪಗೆ, ಮೆತ್ತಗೆ ಮಾಡುತ್ತದೆ. ಕೆಲಸ ಕಾಣೋಕೆ ಎರಡು ಮೂರು ದಿನ ಬೇಕು. ಇಲ್ಲಿ ಸಿಕ್ಕು ನೀರಿನದ್ದು. ದೊಡ್ಡ ಗ್ಲಾಸ್ ತುಂಬ ನೀರು ಬೇಕು. ನಮ್ಮ ಓಣಿಯ ಒಬ್ಬ ಮುತ್ಯಾ ರಾತ್ರಿ ಮಲಗೋ ಮುಂಚೆ ಎರಡು ಗುಟುಕು ಹಾಲಿನಲ್ಲಿ ಒಂದು ಚಮಚ ಕಲಸಿ ನುಂಗ್ತಿದ್ದರು. ಹಾಗೆ ತಗೊಂಡರೆ ಗಂಟಲಲ್ಲೋ ಕರುಳಲ್ಲೋ ಮುದ್ದೆ ಕಟ್ಟಬಹುದು. ಹಾಸಿಗೆ ಹಿಡಿದವರಿಗೆ, ನುಂಗೋಕೆ ತೊಂದರೆ ಇರುವವರಿಗೆ, ಈಗಾಗಲೇ ಗಡ್ಡೆ ಕೂತವರಿಗೆ ಇದು ಒಗ್ಗುವುದಿಲ್ಲ. ನಮ್ಮ ತಾಲೂಕು ಬರದ ತಾಲೂಕು, ಬೇಸಿಗೆಯಲ್ಲಿ ನೀರು ಟ್ಯಾಂಕರಿನಲ್ಲಿ ಬರುತ್ತದೆ. ಆದರೆ ಹಿರಿಯ ಹೆಣ್ಣುಮಕ್ಕಳು ನೀರು ಕಡಿಮೆ ಕುಡಿಯೋದು ಬರಕ್ಕಲ್ಲ. ರಾತ್ರಿ ಎದ್ದು ಹೋಗೋದು ತಪ್ಪಲಿ ಅಂತ. ಎಬ್ಬಿಸಿದರೆ ಸೊಸೆಗೆ ತ್ರಾಸ ಅಂತ. ಇದನ್ನ ಯಾವ ಡಾಕ್ಟರ ಮುಂದೂ ಹೇಳಲ್ಲ.

ಎರಡನೆಯದು ಕರುಳಿನ ಒಳಗೆ ನೀರನ್ನ ಹಿಡಿದಿಡುವಂಥವು: ಲ್ಯಾಕ್ಟುಲೋಸ್ ಸಿರಪ್, ಪಾಲಿಎಥಿಲೀನ್ ಗ್ಲೈಕಾಲ್ ಪುಡಿ. ಇವು ಮಲವನ್ನ ಮೆತ್ತಗೆ ಮಾಡ್ತವೆ. ಲ್ಯಾಕ್ಟುಲೋಸಿಗೆ ಒಂದೆರಡು ದಿನ, ಕೆಲವರಿಗೆ ಇನ್ನೂ ಸ್ವಲ್ಪ ಹೆಚ್ಚು. ಮೊದಮೊದಲು ಹೊಟ್ಟೆಯಲ್ಲಿ ಗಾಳಿ ತುಂಬಬಹುದು. ಆಯಿಗೆ ಕೊಟ್ಟದ್ದು ಪುಡಿ, ನೀರಲ್ಲಿ ಕಲಸಿ ಕುಡಿಯುವಂಥದ್ದು. ಮೊದಲ ರಾತ್ರಿ ಕುಡಿದು ಬೆಳಿಗ್ಗೆ, “ಏನೂ ಆಗ್ಲಿಲ್ಲ, ಸುಳ್ಳ ಔಷಧ” ಅಂತ ಇನ್ನೊಂದು ಪೊಟ್ಟಣ ಒಡೆಯೋಕೆ ಹೋದಳು. ಅವಳ ತಲೆಯಲ್ಲಿದ್ದದ್ದು ಜುಲಾಬು: ರಾತ್ರಿ ತಗೊಂಡರೆ ಬೆಳಿಗ್ಗೆ ಓಡಬೇಕು. ಮೆತ್ತಗೆ ಮಾಡುವ ಮದ್ದಿಗೆ ಆ ಹೆಸರು ಕೊಟ್ಟರೆ ಅದು ಸೋತ ಮದ್ದಾಗಿ ಕಾಣುತ್ತದೆ. ನಾನು ಅವಳಿಗೆ “ಇದು ಜುಲಾಬಲ್ಲ, ಹದಾ ಮಾಡೂದು” ಅಂದೆ. ಹಿಟ್ಟು ನಾದಿ ಇಟ್ಟರೆ ಹದ ಬರೋಕೆ ಹೊತ್ತು ಬೇಕು ಅನ್ನೋದು ರೊಟ್ಟಿ ಬಡಿದ ಕೈಗೆ ಗೊತ್ತು. ಕಾದಳು. ಮಿಲ್ಕ್ ಆಫ್ ಮ್ಯಾಗ್ನೀಷಿಯಾ ಕೂಡ ಇದೇ ಗುಂಪಿನದು, ಆದರೆ ಮೂತ್ರಪಿಂಡ ಸೋತವರಲ್ಲಿ ಮ್ಯಾಗ್ನೀಷಿಯಂ ರಕ್ತದಲ್ಲಿ ಉಳಿದು ಅಪಾಯ ಮಾಡಬಹುದು.

ಮೂರನೆಯದು ಕರುಳನ್ನ ಎಬ್ಬಿಸುವಂಥವು. ಸೋನಾಮುಖಿ, ಬಿಸಾಕೊಡಿಲ್, ನಮ್ಮ ಔಡಲೆಣ್ಣಿ. ನಿಜವಾದ ಅರ್ಥದಲ್ಲಿ ಜುಲಾಬು ಅಂದರೆ ಇವು. ಸೋನಾಮುಖಿ, ಬಿಸಾಕೊಡಿಲ್ ಆರರಿಂದ ಹನ್ನೆರಡು ತಾಸಿನಲ್ಲಿ ಕೆಲಸ ಮಾಡ್ತವೆ. ಬಿಸಾಕೊಡಿಲ್ ಮಾತ್ರೆಯನ್ನ ಪುಡಿ ಮಾಡಬಾರದು, ಹಾಲಿನ ಜೊತೆ ನುಂಗಬಾರದು. ಅದರ ಮೇಲಿನ ಲೇಪ ಹೊಟ್ಟೆಯಲ್ಲೇ ಕರಗಿ ಸಂಕಟ ಆಗುತ್ತದೆ. ಟ್ರಾಮಡಾಲ್‌ನಂಥ ನೋವಿನ ಮಾತ್ರೆಯಿಂದ ಕಟ್ಟಿದ ಹೊಟ್ಟೆಗೆ ವೈದ್ಯರು ಈ ಗುಂಪಿನದನ್ನೇ, ಎರಡನೇ ಗುಂಪಿನ ಜೊತೆ ಸೇರಿಸಿಯೂ ಕೊಡ್ತಾರೆ, ಬರೀ ಇಸಬ್‌ಗೋಲ್ ಸಾಲದು. ಔಡಲೆಣ್ಣಿ ವಿಷಯದಲ್ಲಿ ಮಾತ್ರ ನನಗೆ ಹಟ ಇದೆ: ಬಗ್ಗಿದ ಬೆನ್ನಿನ, ಬಿಪಿಗೆ ನೀರಿನ ಮಾತ್ರೆ ತಗೊಳ್ಳುವ ಮುದುಕರಿಗೆ ಅದು ಬೇಡ. ಹೊಟ್ಟೆ ಹಿಂಡಿ, ನೀರೂ ಲವಣವೂ ಹೋಗಿ, ನಸುಕಿನ ನಾಲ್ಕು ಗಂಟೆಗೆ ಕತ್ತಲಲ್ಲಿ ಸಂಡಾಸಕ್ಕೆ ಓಡುವಾಗ ಬಿದ್ದು ಸೊಂಟ ಮುರಿದರೆ, ಆ ಮುರಿತದ ಕಾರಣ ಯಾವ ಕಾಗದದಲ್ಲೂ ‘ಜುಲಾಬು’ ಅಂತ ಬರೆಯಲ್ಲ.

ಲಿಕ್ವಿಡ್ ಪ್ಯಾರಾಫಿನ್ ಇರುವ ಸಿರಪ್‌ಗಳನ್ನ ಮಲಗಿದ್ದಲ್ಲೇ ಕುಡಿಸಬಾರದು. ಎಣ್ಣೆ ಶ್ವಾಸಕೋಶಕ್ಕೆ ಇಳಿದರೆ ನ್ಯುಮೋನಿಯಾ ಆಗಬಹುದು. ಗುದದಲ್ಲಿ ಇಡುವ ಗ್ಲಿಸರಿನ್ ಬತ್ತಿ ಒಂದು ತಾಸಿನೊಳಗೆ ಕೆಲಸ ಮಾಡುತ್ತದೆ. ಮನೆಯವರೇ ಇಡಬಹುದು, ಸಂಕೋಚ ಒಂದೇ ಅಡ್ಡ. ಫಾಸ್ಫೇಟ್ ಎನಿಮಾವನ್ನ ಮಾತ್ರ ವಯಸ್ಸಾದವರಿಗೆ ಕೇಳದೆ ಕೊಡಬಾರದು, ಮೂತ್ರಪಿಂಡಕ್ಕೆ ಪೆಟ್ಟು ಬೀಳಬಹುದು.

ಆಯಿಯನ್ನ ಬಿಡುಗಡೆ ಮಾಡುವಾಗ ಡಾಕ್ಟರ್ ಮೊದಲು ಕೇಳಿದ್ದು ಮಾತ್ರೆಗಳ ಚೀಲ. ನಮ್ಮ ಕಡೆ ಹೃದಯಕ್ಕೆ ಮಿರಜ, ಎಲುಬಿಗೆ ಸಾಂಗಲಿ, ಜ್ವರಕ್ಕೆ ಊರ ಡಾಕ್ಟರ್. ಎಲ್ಲರ ಮಾತ್ರೆಯೂ ಒಂದೇ ಕ್ಯಾರಿಬ್ಯಾಗಿನಲ್ಲಿ. ಆ ಚೀಲವನ್ನ ಮೇಜಿನ ಮೇಲೆ ಸುರುವಿದಾಗ ನೋವಿನದು, ಕಬ್ಬಿಣ, ಕ್ಯಾಲ್ಸಿಯಂ ಮೂರೂ ಹೊಟ್ಟೆ ಕಟ್ಟುವಂಥವು ಅಂತ ಗೊತ್ತಾಯಿತು. ಟ್ರಾಮಡಾಲ್ ನಿಂತಿತು, ಕಬ್ಬಿಣ ದಿನ ಬಿಟ್ಟು ದಿನ ಆಯಿತು. ಬಿಪಿಯ ಕೆಲವು ಮಾತ್ರೆಗಳು, ತುರಿಕೆ-ನೆಗಡಿಯ ಹಳೆಯ ಮಾತ್ರೆಗಳು, ನಿದ್ದೆಗೆ ಕೊಡುವ ಅಮಿಟ್ರಿಪ್ಟಿಲಿನ್ ಕೂಡ ಇದನ್ನೇ ಮಾಡಬಹುದು. ಹಾಗಂತ ಯಾರೂ ತಾವೇ ನಿಲ್ಲಿಸಬಾರದು. ಚೀಲ ತೋರಿಸಬೇಕು.

ಊಟದ ಬಗ್ಗೆ ಹೆಚ್ಚು ಹೇಳಲ್ಲ, ಎಲ್ಲರಿಗೂ ಗೊತ್ತಿರೋದೇ. ಆದರೆ ಹಲ್ಲು ಹೋದ ಮೇಲೆ ಜೋಳದ ರೊಟ್ಟಿ, ಪಲ್ಯ ಬಿಟ್ಟು ಚಹಾ-ಖಾರಿ, ಮೆತ್ತನೆ ಅನ್ನಕ್ಕೆ ಬಂದು ನಿಲ್ಲೋದು ನಮ್ಮ ಪ್ರತಿ ಮನೆಯ ಕಥೆ. ತಾಸಗಾವದ ಬೇದಾಣಿ ದೇಶಕ್ಕೆಲ್ಲ ಹೋಗುತ್ತದೆ. ನೆನೆಸಿಟ್ಟು ಹಿಸುಕಿ ಆಯಿಗೆ ಕೊಡಬಹುದು ಅನ್ನೋದು ನಮಗೆ ಹೊಳೆದದ್ದು ತಡವಾಗಿ. ಸಕ್ಕರೆ ಕಾಯಿಲೆ ಇದ್ದರೆ ಅಳತೆ ನೋಡಬೇಕು. ಇನ್ನೊಂದು, ಮೊಣಕಾಲು ನೋವಿಗೆ ಕಮೋಡ್ ಕುರ್ಚಿ ತಂದ ಮೇಲೆ ಕಾಲ ಕೆಳಗೆ ಒಂದು ಗಿಡ್ಡ ಮಣೆ ಇಟ್ವಿ. ಮೊಣಕಾಲು ಸೊಂಟಕ್ಕಿಂತ ಮೇಲೆ ಬಂದರೆ ಕುಕ್ಕರಗಾಲಿನ ಹಾಗೆಯೇ ದಾರಿ ನೇರ ಆಗುತ್ತದೆ. ಬೆಳಗಿನ ಚಹಾ, ನಾಷ್ಟಾ ಆದ ಮೇಲೆ ಕರುಳು ತಾನೇ ಅಲುಗುವ ಹೊತ್ತು. ಆಗಲೇ ಕೂರಿಸೋದು, ಅವಸರ ಮಾಡದೆ.

ಪ್ರಶ್ನೆಗಳು

“ದಿನಾ ಆಗಲೇಬೇಕಾ?” ಅಂತ ಒಬ್ಬರು ಕೇಳಿದ್ದಾರೆ. ಬೇಕಿಲ್ಲ. ದಿನಕ್ಕೆ ಮೂರು ಸಲದಿಂದ ವಾರಕ್ಕೆ ಮೂರು ಸಲದವರೆಗೆ ಸಹಜವೇ. ಗಟ್ಟಿ ಆಗೋದು, ತಿಣುಕೋದು, ಇನ್ನೂ ಉಳಿದಿದೆ ಅನ್ನಿಸೋದು, ಇವು ಇದ್ದರೆ ತೊಂದರೆ. ಇಳಿವಯಸ್ಸಿನಲ್ಲಿ ಹೊಸದಾಗಿ ಶುರುವಾದರೆ, ರಕ್ತ ಕಂಡರೆ, ತೂಕ ಇಳಿದರೆ, ಹೊಟ್ಟೆ ಉಬ್ಬಿ ವಾಂತಿ ಬಂದು ಗಾಳಿಯೂ ಹೋಗದಿದ್ದರೆ ಮನೆಮದ್ದು ಮಾಡ್ತಾ ಕೂರಬಾರದು. ಕೊನೆಯದಕ್ಕಂತೂ ಅವತ್ತೇ ದವಾಖಾನೆಗೆ.

“ಔಷಧಿ ಚಟ ಆಗಲ್ವಾ?” ಈ ಹೆದರಿಕೆಯಿಂದಲೇ ಎಷ್ಟೋ ಹಿರಿಯರು ಕಷ್ಟಪಡ್ತಾರೆ. ಹೇಳಿದ ಅಳತೆಯಲ್ಲಿ ತಗೊಂಡರೆ ಕರುಳು ಶಾಶ್ವತವಾಗಿ ಕೆಡುತ್ತದೆ ಅನ್ನೋದಕ್ಕೆ ಗಟ್ಟಿ ಆಧಾರ ಇಲ್ಲ. ಚಟದ ಹಾಗೆ ಕಾಣೋದು ಬೇರೆ: ಜೋರು ಜುಲಾಬು ತಗೊಂಡು ಕರುಳು ಪೂರ್ತಿ ಖಾಲಿ ಆದ ಮೇಲೆ ಮತ್ತೆ ತುಂಬೋಕೆ ಎರಡು ಮೂರು ದಿನ ಬೇಕು. ಆ ಎರಡು ದಿನ ಆಗಲಿಲ್ಲ ಅಂತ ಹೆದರಿ ಮತ್ತೆ ತಗೋತಾರೆ. ಹೀಗೇ ಸುತ್ತು.

“ಇದು ಸಾಹಿತ್ಯ ಸಂಶೋಧನೆ ಹೇಗೆ?” ನಿರೀಕ್ಷೆ ಮಾಡಿದ್ದೆ, ಸರ್. ನಮ್ಮ ಸಿಸ್ಟರ್ ಕೇಳಿದ ವಾಕ್ಯದಲ್ಲಿ ಆರು ಪದ ಇದ್ದವು. ಅವುಗಳಲ್ಲಿ ಒಂದೂ ವೈದ್ಯಕೀಯ ಪದ ಅಲ್ಲ. ನಾನು ಈಗ ಅಂಥ ವಾಕ್ಯಗಳನ್ನ ಕನ್ನಡದಲ್ಲೂ ಮರಾಠಿಯಲ್ಲೂ ಸೇರಿಸ್ತಾ ಇದ್ದೇನೆ. ಗಟ್ಟಿ ಆಗಿ ಎಷ್ಟು ದಿನ, ಆಡಿನ ಹಿಕ್ಕಿಯೋ ಬಾಳೆಹಣ್ಣೋ, ಗೊತ್ತಿಲ್ಲದೆ ಸೋರುತ್ತದೋ, ಔಷಧಿ ಕೇಳುವಾಗ ‘ನಿಂದರಸಾಕೋ, ಹದಾ ಮಾಡಾಕೋ, ಆಗಸಾಕೋ’. ಅಂಗಡಿಯವರ ಪ್ರಶ್ನೆಗೆ ನಡುವೆ ಒಂದು ಪದ ಸೇರಿಸಿದ್ದೇನೆ, ಅಷ್ಟೇ.

ಕೊನೆಯ ಪ್ರಶ್ನೆ, ಆಯಿ ಹೇಗಿದ್ದಾಳೆ ಅಂತ. ಆರಾಮ ಇದ್ದಾಳೆ. ಅಡುಗೆಮನೆಯ ಕಾಲನಿರ್ಣಯ ಕ್ಯಾಲೆಂಡರಿನಲ್ಲಿ, ಆದ ದಿನ ಅರಿಶಿಣದ ಬೆರಳಿಂದ ಒಂದು ಬೊಟ್ಟು ಇಡ್ತಾಳೆ. ಎರಡು ದಿನ ಬೊಟ್ಟು ಇಲ್ಲದಿದ್ದರೆ ಅವ್ವ ಏನೂ ಕೇಳದೆ ಪುಡಿ ಕಲಸ್ತಾಳೆ. ಹೋದ ತಿಂಗಳು ಬಂದ ನೆಂಟರು ಅದೇನು ವ್ರತ ಅಂತ ಕೇಳಿದ್ದರು. ಸಮಯ ಮುಗೀತು ಅಂತ ಪರದೆ ಮೇಲೆ ಬರ್ತಾ ಇದೆ. ನಿಲ್ಲಿಸ್ತೇನೆ.